ಎಡಗಡೆಯ ಪುಟ

ಟ್ರಂಕಿನಲ್ಲಿಟ್ಟ ಉಣ್ಣೆಯ ಶಾಲಿಗೆ ಮುಗ್ಗಲು ಹಿಡಿದಾಗ ಬರುತ್ತದಲ್ಲ, ಆ ವಾಸನೆ ಮೂಗಿಗೆ ತಾಗಿದರೆ ಸಾಕು, ನಾನು ಅರವತ್ತನೇ ಇಸವಿಯ ಆಸುಪಾಸಿನ ಶಿರಸಿಯಲ್ಲಿ, ಲೀನಾಬಾಯಿಯ ಮನೆಯಲ್ಲಿರುತ್ತೇನೆ. ಈಗ ಆ ಮನೆಯೂ ಇಲ್ಲ, ಪಿಯಾನೋ ಯಾರ ಪಾಲಾಯಿತೋ ಗೊತ್ತಿಲ್ಲ. ಜಂಗಲ್ ಖಾತೆಯಲ್ಲಿದ್ದ ಗಂಡ ತೀರಿಹೋದ ಮೇಲೂ ಅವರು ನಮ್ಮ ಪಕ್ಕದಲ್ಲೇ ಉಳಿದಿದ್ದರು. ಪಿಯಾನೋದೊಳಗಿನ ಉಣ್ಣೆಯ ಮೆತ್ತೆಗಳಿಗೆ ಥಂಡಿ ಹಿಡಿಯದಿರಲೆಂದು ಹತ್ತಿರದಲ್ಲೊಂದು ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು; ಆದರೂ ಆ ಮುಗ್ಗಲು ವಾಸನೆ ಹೋಗುತ್ತಿರಲಿಲ್ಲ. ದೂರದ ದೇಶದ ಬ್ಯಾಲೆ ಕುಣಿತಕ್ಕೆ ಐವತ್ತು ಅರವತ್ತು ಮಂದಿ ಕೂಡಿ ನುಡಿಸುವ ಸಂಗೀತವನ್ನು ಇಬ್ಬರೇ ಒಂದು ಪಿಯಾನೋದಲ್ಲಿ ಬಾರಿಸುವಂತೆ ಇಳಿಸಿದ ಪುಸ್ತಕ ಅವರಲ್ಲಿತ್ತು. ಬಲಗಡೆಯ ಪುಟ ಲೀನಾಬಾಯಿಯದು. ರಾಗ ಎಳೆಯುವ ಕೊಳಲು, ಪಿಟೀಲುಗಳ ಪಾಲೆಲ್ಲ ಅಲ್ಲಿ. ನಗಾರಿ ಮತ್ತು ದಪ್ಪ ತಂತಿಗಳ ಎಡಗಡೆಯ ಪುಟ ಅವರ ತಂಗಿಯದಾಗಿತ್ತು. ತಂಗಿ ಸತ್ತ ಮೇಲೆ ಪುಸ್ತಕ ಮುಚ್ಚಿಯೇ ಇತ್ತು. ಇನ್ನೂ ಲಂಗ ತೊಡುತ್ತಿದ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪಾಲನ್ನು ಕಲಿಸಿದರು. "ಒಬ್ಬಳೇ ಬಾರಿಸಿದ್ರೆ ಇದು ಕುಣಿಯೋದಿಲ್ಲ ಮಗಾ," ಎನ್ನುತ್ತಿದ್ದರು. ಕ್ರಿಶ್ಚಿಯನ್ನರ ಆ ಮನೆಯಿಂದ ಮರಳಿದರೆ ಹಿತ್ತಿಲ ಬಾಗಿಲಲ್ಲೇ ನನ್ನನ್ನು ಹೆತ್ತ ಆಯಿ, "ಕೂಸೇ, ಮಿಂದ್ಕಂಡು ಒಳಗೆ ಬಾ," ಎಂದು ತಡೆಯುತ್ತಿದ್ದಳು. ಮೀಯುವಾಗಲೂ ನನ್ನ ಬೆರಳುಗಳು ತಂಬಿಗೆಯ ಮೇಲೆ ತಾಳ ಕುಟ್ಟುತ್ತಿದ್ದವು.

ಯಲ್ಲಾಪುರದ ಕಡೆಯವರು ನನ್ನನ್ನು ನೋಡಲು ಬಂದ ದಿನ, ಕೂಸಿಗೆ ಸಂಗೀತ ಬರುತ್ತದೆಂದು ಅಪ್ಪ ಹೇಳಿಬಿಟ್ಟ. ಯಾರದೋ ಹಾರ್ಮೋನಿಯಂ ತರಿಸಿ ಮುಂದಿಟ್ಟರು. ನನಗೆ ಬರುತ್ತಿದ್ದದ್ದು ಎಡಗಡೆಯ ಪುಟವೊಂದೇ. ಅದನ್ನೇ ಗುಂಯ್ ಗುಂಯ್ ಎನ್ನಿಸಿದೆ. ಹಾಡು ಈಗ ಶುರುವಾದೀತು, ಆಗ ಶುರುವಾದೀತು ಎಂದು ಎಲ್ಲರೂ ಕಾದರು. ಕೊನೆಗೆ ಅವರ ಕಡೆಯ ಮುದುಕರೊಬ್ಬರು, "ಕೂಸು ಶ್ರುತಿ ಚೊಲೋ ಹಿಡಿತು," ಎಂದು ಎಲ್ಲರನ್ನೂ ಪಾರುಮಾಡಿದರು. ಮದುವೆ ಗಟ್ಟಿಯಾಯಿತು. "ಇನ್ನು ಅಲ್ಲಿಗೆ ಹೋಪದು ಬ್ಯಾಡ," ಎಂದಳು ಆಯಿ. ಹೊಸ ಸೀರೆಗಳ ಸಂಭ್ರಮದಲ್ಲಿ ನಾನೂ ಮರುಮಾತಾಡಲಿಲ್ಲ. ಅದರಲ್ಲಿ ನನ್ನ ತಪ್ಪೇನು, ನೀವೇ ಹೇಳಿ. ಆ ಕಾಲದಲ್ಲಿ ಎಲ್ಲ ಹೆಣ್ಣುಕೂಸುಗಳೂ ಹೀಗೇ ಗಂಡನ ಮನೆಗೆ ಹೊರಟವು. ಆದರೂ ಪಾಪಪ್ರಜ್ಞೆ ನನ್ನನ್ನು ಬಿಟ್ಟಿಲ್ಲ.

ನಾಲ್ಕಾರು ವರ್ಷ ಕಳೆದು, ತವರಿಗೆ ಬಂದಿದ್ದಾಗ ಅವರ ಮನೆಗೆ ಹೋದೆ. ಲೀನಾಬಾಯಿ ಉದ್ದ ಬೆಂಚಿನ ಬಲತುದಿಯಲ್ಲಿ ಕೂತು ತಮ್ಮ ಪಾಲಷ್ಟನ್ನೇ ಬಾರಿಸುತ್ತಿದ್ದರು. ನನ್ನನ್ನು ಕಂಡದ್ದೇ ಮುಖ ಅರಳಿಸಿ ಪಕ್ಕದ ಜಾಗ ತಟ್ಟಿದರು. ಕೂತು ಬೆರಳಿಟ್ಟೆ. ಒಂದು ಸಾಲೂ ಬರಲಿಲ್ಲ. ನಾಚಿಕೆಯಿಂದ ಅಳುವೇ ಬಂತು.

"ಇರ್ಲಿ ಮಗಾ. ಪುಟ ಮಗುಚು, ಅಷ್ಟು ಸಾಕು," ಎಂದರು.

ಮಗುಚುತ್ತಾ ಹೋದೆ. ಎಡಗಡೆಯವರು ಮಾತ್ರ ಬಾರಿಸಬೇಕಾದ ಜಾಗ ಬಂದಾಗ ಲೀನಾಬಾಯಿ ಪಿಯಾನೋದಿಂದ ಕೈ ಎತ್ತಿದರು, ತಲೆಯಾಡಿಸಿ ತಾಳ ಎಣಿಸುತ್ತಾ ಕಾದರು. ನಾನು ಪಕ್ಕದಲ್ಲೇ ಕೂತಿದ್ದೆ.