ಹಸು ನೋಡಲು ಹೋದ ಪತ್ತೇದಾರರು

ಅಂಟಿಸಿಕೊಂಡ ಮೀಸೆ ಸೀದಾ ಸಾಂಬಾರಿನ ಬಟ್ಟಲಿಗೆ ಬಿತ್ತು. ಹೀರೊ ಅದನ್ನು ಚಮಚದಲ್ಲಿ ಎತ್ತಿ, ಒರೆಸಿ, ಮತ್ತೆ ಅಂಟಿಸಿಕೊಂಡ. ಎದುರಿಗೆ ಕೂತ ವಿಲನ್‌ಗೆ ಆಗಲೂ ಅನುಮಾನ ಬರಲಿಲ್ಲ.

ಕಳೆದ ಭಾನುವಾರ ಟೀವಿಯಲ್ಲಿ ಬಂದ ಸಿನಿಮಾ. ಸ್ಪೈಗಳನ್ನು ಗೇಲಿ ಮಾಡುವ ಕಾಮಿಡಿ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ನಾನೂ ನನ್ನಾಕೆಯೂ ಮುಖಮುಖ ನೋಡಿಕೊಂಡೆವು. (ನಮ್ಮ ಪಾಲಿಗೆ ಅದು ಡಾಕ್ಯುಮೆಂಟರಿ.)

ವಿಷಯ ಇಷ್ಟು. ಮಾಗಡಿಯಲ್ಲಿರುವ ನಮ್ಮಕ್ಕನ ಮಗಳು ದಿವ್ಯಾಗೆ ಕೋಡಿಹಳ್ಳಿಯ ಸಂಬಂಧವೊಂದು ಕೂಡಿಬಂದಿತ್ತು. ಬಂದ ಗಂಡುಗಳಲ್ಲೆಲ್ಲ ತಪ್ಪು ಹುಡುಕುವ ಹುಡುಗಿ ಈ ಸಲ ತುಟಿಪಿಟಕ್ಕೆನ್ನಲಿಲ್ಲ. ಮನಸ್ಸು ಕೊಟ್ಟುಬಿಟ್ಟಿದ್ದಳು. ಅಷ್ಟರಲ್ಲಿ ದೂರದ ನೆಂಟರೊಬ್ಬರು, ಹುಡುಗ ಕುಡೀತಾನಂತೆ ಎಂದು ಅಕ್ಕನ ಕಿವಿಗೆ ಹಾಕಿದರು. ಅಕ್ಕ ಊಟ ಬಿಟ್ಟಳು. ಮಗಳಿಗೆ ಹೇಳುವುದು ಹೇಗೆ? ಹೇಳದೆ ಮದುವೆ ಮಾಡುವುದು ಹೇಗೆ?

ನಮ್ಮ ಕಡೆ ಇದಕ್ಕೊಂದು ದಾರಿಯಿದೆ. ತಾಂಬೂಲ ಬದಲಾಯಿಸುವ ಮೊದಲು ಯಾರಾದರೂ ಗಂಡಿನ ಊರಿಗೆ ಹೋಗಿ, ಬೇರೇನೋ ನೆಪ ಹೇಳಿ, ಗುಟ್ಟಾಗಿ ವಿಚಾರಿಸಿ ಬರುವುದು. ಹೆಣ್ಣು ನೋಡುವ ಶಾಸ್ತ್ರಕ್ಕೆ ನಾವಿಬ್ಬರೂ ಹೋಗಿರಲಿಲ್ಲವಾದ್ದರಿಂದ ನಮ್ಮ ಮುಖ ಅವರಿಗೆ ಗೊತ್ತಿರಲಿಲ್ಲ; ಕೆಲಸ ನಮ್ಮ ಪಾಲಿಗೇ ಬಂತು. ನೆಪ: ಹಸು ಕೊಳ್ಳುವುದು. ನಾನು ಕೂಲಿಂಗ್ ಗ್ಲಾಸ್ ಬೇರೆ ಹಾಕಿಕೊಂಡೆ. ಬೇಡ ಅಂದ ನನ್ನಾಕೆಯ ಮಾತು ಕೇಳಿದ್ದರೆ ನಾನು ಅಂಕಣ ಬರೆಯುತ್ತಿದ್ದೆನೇ?

ಕೋಡಿಹಳ್ಳಿಯಲ್ಲಿ ಬಸ್ಸಿಳಿದ ಕೂಡಲೇ ಒಬ್ಬಾತ ಯಾವೂರು, ಯಾರ ಮನೆಗೆ ಎಂದು ಕೇಳಿದ. ಹಸು ಎಂದೆ. ಆತ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಒಂದು ಮನೆಯ ಕೊಟ್ಟಿಗೆಗೆ ಕರೆದೊಯ್ದು ಬಿಟ್ಟ. ಅಲ್ಲೊಬ್ಬ ಅಜ್ಜಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನಾನು ಹಸುವಿನ ಬೆನ್ನು ಸವರಿ, ಲಕ್ಷಣವಾಗಿದೆ ಎಂದು ಹೊಗಳಿ, ಮೆಲ್ಲಗೆ ಹುಡುಗನ ಹೆಸರೆತ್ತಿ, ಕುಡಿಯೋ ಅಭ್ಯಾಸ ಉಂಟಾ ಎಂದೆ.

ಅಜ್ಜಿ ಹುಲ್ಲು ಕೆಳಗಿಟ್ಟಳು. "ಹಸ ಕೊಳ್ಳೋರು ಹಾಲೆಷ್ಟು ಕೊಡ್ತದೆ ಅಂತ ಕೇಳ್ತಾರೆ ಕಣಪ್ಪ. ನೀನು ನನ್ ಮೊಮ್ಮಗ ಏನು ಕುಡಿತಾನೆ ಅಂತ ಕೇಳ್ತಿದೀಯಲ್ಲ."

ಮೊಮ್ಮಗ! ಸಂಬಂಧ ಮುರಿಯಿತು, ದಿವ್ಯಾ ಇನ್ನು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ನನ್ನಾಕೆ ಹಸುವಿನ ಆ ಬದಿಗೆ ಸರಿದಿದ್ದಳು.

"ಕುಡಿಯೋನು ನನ್ ದೊಡ್ಮಗನ ಮಗ, ಇವನಲ್ಲ," ಎಂದಳು ಅಜ್ಜಿ. "ಇವನಿಗೆ ಒಸಿ ಮುಂಗೋಪ ಐತೆ. ನನ್ ಮಾತು ನಂಬಬ್ಯಾಡ, ಟೀ ಅಂಗಡಿತಾವ ಕೇಳ್ಕಂಡ್ ಬಾ. ಅಷ್ಟೊತ್ಗೆ ಮುದ್ದೆ ಆಯ್ತದೆ."

ಕನ್ನಡಕ ತೆಗೆದು ಜೇಬಿಗಿಟ್ಟು ಹೋಗಿ ನೇರವಾಗಿ ಕೇಳಿದೆ. ಅಂಗಡಿಯಲ್ಲಿದ್ದವರೆಲ್ಲ ಅದನ್ನೇ ಹೇಳಿದರು, ಮುಂಗೋಪವನ್ನೂ ಸೇರಿಸಿ. ಎದೆಯ ಮೇಲಿನ ಕಲ್ಲು ಇಳಿಯಿತು. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಫೋನಿನಲ್ಲೇ ಅತ್ತುಬಿಟ್ಟಳು.

ಮುದ್ದೆ, ಉಪ್ಸಾರು ಬಡಿಸುತ್ತಾ ಅಜ್ಜಿ ಇನ್ನೊಂದು ಸುದ್ದಿಯನ್ನೂ ಬಡಿಸಿದಳು. ಅವರ ಕಡೆಯವರೂ ತೆಂಗಿನಕಾಯಿ ವ್ಯಾಪಾರದ ನೆಪದಲ್ಲಿ ಮಾಗಡಿಯ ನಮ್ಮಕ್ಕನ ಬೀದಿಗೆ ಹೋಗಿ ಬಂದಿದ್ದರಂತೆ. "ನಿಮ್ ಹುಡ್ಗಿಗೆ ಬಾಯಿ ಜೋರಂತಲ್ಲ?"

ನಾನು ಬಾಯಿ ತೆರೆಯುವ ಮೊದಲೇ ನನ್ನಾಕೆ ಹೌದು ಅಂದುಬಿಟ್ಟಳು. ಅಜ್ಜಿ ನಕ್ಕು, ಇನ್ನೊಂದು ಮುದ್ದೆ ಹಾಕಿದಳು.

ಸೀರಿಯಸ್ ಸ್ಪೈ ಸಿನಿಮಾಗಳನ್ನು ನಾನು ನಂಬುವುದಿಲ್ಲ. ಕೋಟು ತೊಟ್ಟ ಹೀರೊ ಊರೂರು ಸುತ್ತುತ್ತಾನೆ, ಒಬ್ಬರಾದರೂ 'ಯಾರ ಪೈಕಿ?' ಎಂದು ಕೇಳುವುದಿಲ್ಲ. ಅಂಥ ಊರು ಎಲ್ಲಿದೆ ಸ್ವಾಮಿ? ನಿಜ ಹೇಳುವುದು ಮೀಸೆ ಉದುರುವ ಸಿನಿಮಾಗಳೇ.

ಮುಂದಿನ ತಿಂಗಳು ತಾಂಬೂಲ. ಏನನ್ನೂ ಮುಚ್ಚಿಡಲು ಬಾರದ ಎರಡು ಮನೆಗಳು ಬೀಗರಾದರೆ, ಮುಂದೆ ಜಗಳಕ್ಕೆ ಉಳಿಯುವುದಾದರೂ ಏನು, ನೀವೇ ಹೇಳಿ?