ವಂಶವೃಕ್ಷದಲ್ಲೊಂದು ಗೀಟು

ಡಾಕ್ಟರಮ್ಮನ ಸಂಶೋಧನಾ ಪ್ರಬಂಧಗಳ ಪಟ್ಟಿ ನೋಡಿದವರಿಗೆ ಹೊಟ್ಟೆಕಿಚ್ಚಾಗಬೇಕು, ಅಷ್ಟುದ್ದ. ಆದರೆ ಒಂದೊಂದು ಪ್ರಬಂಧದಲ್ಲೂ ಅವಳ ಹೆಸರು ಹುಡುಕಲು ಕನ್ನಡಕ ಬೇಕು. ಮೊದಲ ಜಾಗದಲ್ಲಂತೂ ಎಲ್ಲೂ ಇಲ್ಲ. ಯಾವಾಗಲೂ ನಡುವೆ, ಗುಂಪು ಫೋಟೋದಲ್ಲಿ ಯಾರದೋ ಭುಜದ ಹಿಂದೆ ಅರ್ಧ ಮುಖ ಕಾಣುವವರ ಹಾಗೆ. ಕೊನೆಯ ಜಾಗ ವಿಭಾಗದ ಮುಖ್ಯಸ್ಥರದ್ದು. ಈ ಕಸುಬಿನಲ್ಲಿ ಕೊನೆಗೆ ಬರುವವರೇ ಯಜಮಾನರು. ರೋಗಿಯ ಮುಖ ನೋಡದಿದ್ದರೂ ಅವರು ಅಲ್ಲಿ ಬಂದು ಕೂತುಬಿಡುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಕೊನೇ ಹೆಸರು’ ಎಂದೇ ಕರೆಯುತ್ತಿದ್ದರು.

ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ನರರೋಗಗಳು ಡಾಕ್ಟರಮ್ಮನ ವಿಷಯ. ರೋಗಿಯ ಬೆನ್ನು ಹಿಡಿದು ಅವರ ಮನೆಗೇ ಹೋಗುವುದು ಅವಳ ಪದ್ಧತಿ. ಅಡುಗೆಮನೆಯಲ್ಲೇ ಹಾಳೆ ಹರಡಿ, ಅಜ್ಜಿ, ಚಿಕ್ಕಪ್ಪಂದಿರ ಕಥೆ ಕೇಳುತ್ತಾ ವಂಶವೃಕ್ಷ ಬರೆಯುತ್ತಿದ್ದಳು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ರೋಗ ಬಂದವರಾದರೆ ಒಳಗೆಲ್ಲ ಕಪ್ಪು. ರಕ್ತದಲ್ಲಿ ದೋಷವಿದ್ದು ಇನ್ನೂ ರೋಗ ತಲೆ ಎತ್ತದವರಿಗೆ ನಟ್ಟನಡುವೆ ಒಂದು ಗೀಟು. ಅದನ್ನು ಓದುವುದನ್ನು ಮನೆಯವರಿಗೂ ಕಲಿಸುತ್ತಿದ್ದಳು. ಅವರ ಮನೆ ವಿಷಯ ಅವರಿಗೇ ಅರ್ಥವಾಗಬಾರದೆಂದರೆ ಹೇಗೆ?

ಹಾಗೆ ಬಳಕೆಯಾದ ಮನೆಯೊಂದರಲ್ಲಿ ತಾಯಿ ನಡೆದರೆ ಕುಡಿದವರಂತೆ ತೂರಾಟ. ದೊಡ್ಡಮ್ಮ ಆಗಲೇ ಹಾಸಿಗೆ ಹಿಡಿದಿದ್ದಳು. ಇಬ್ಬರು ಅಣ್ಣಂದಿರ ಮೇಲೆ ಹುಟ್ಟಿದ ಮಗಳು ಬಸ್ ಕಂಡಕ್ಟರ್. ಬಾಯಿ ಜೋರು, ನಗು ಇನ್ನೂ ಜೋರು. ಸಂಶೋಧನೆಗೆ ರಕ್ತ ಕೊಡಲು ತೋಳು ಚಾಚಿ ಒಂದೇ ಷರತ್ತು ಹಾಕಿದಳು.

“ಅಕ್ಕಾ, ರಿಸಲ್ಟ್ ಏನೇ ಬರ್ಲಿ, ನಂಗೆ ಗೊತ್ತಾಗೋದು ಬೇಡ. ಬಸ್ಸಲ್ಲಿ ದಿನಾ ವಾಲಾಡೋಳು ನಾನು. ಇದು ಬ್ರೇಕ್ ಹಾಕಿದ್ದಕ್ಕಾ, ಇಲ್ಲಾ ಅಮ್ಮಂದು ಶುರುವಾಯ್ತಾ ಅಂತ ಪ್ರತಿ ಸಲ ಎದೆ ಡವಡವ ಅಂತಿದ್ರೆ ಬದುಕೋದು ಹೇಗೆ?”

“ಆಯ್ತು ಕಣೇ, ಮಾತು ಕೊಟ್ಟೆ,” ಎಂದಳು ಡಾಕ್ಟರಮ್ಮ. ರಿಸಲ್ಟ್ ಬಂತು. ಅವಳು ಬಾಯಿ ಬಿಡಲಿಲ್ಲ.

ಆ ಮನೆಯಲ್ಲಿ ಸಿಕ್ಕ ದೋಷ ಅದುವರೆಗೆ ಯಾರೂ ಕಾಣದ್ದು. ಕೊನೆಗೂ ತನ್ನ ಹೆಸರು ಮೊದಲು ಬರುವ ಪ್ರಬಂಧವೊಂದು ಸಿದ್ಧವಾಯಿತು. ರೋಗ ಕಾಣಿಸಿಕೊಳ್ಳದವರನ್ನೆಲ್ಲ ಅವಳು ಚಿತ್ರದಲ್ಲಿ ಖಾಲಿ ಬಿಟ್ಟಿದ್ದಳು. ಕೊನೇ ಹೆಸರಿನವರು ಕರಡನ್ನು ಮೇಜಿನ ಮೇಲೆ ಎಸೆದರು.

“ಇದೇನ್ರೀ ಅರ್ಧಂಬರ್ಧ? ಚೆನ್ನಾಗಿರೋರ ರಿಸಲ್ಟೂ ಹಾಕಿ. ಇಲ್ದಿದ್ರೆ ದೊಡ್ಡ ಜರ್ನಲ್‌ನೋರು ಮೂಸಿ ಕೂಡ ನೋಡಲ್ಲ.”

“ಸರ್, ಆ ಹುಡುಗಿಗೆ ಮಾತು ಕೊಟ್ಟಿದೀನಿ.”

“ಹೆಸರು ಹಾಕ್ತಿದೀವಾ? ಒಂದು ವೃತ್ತ, ಒಂದು ಗೀಟು. ಬಸ್ ಕಂಡಕ್ಟರ್ ಇದನ್ನೆಲ್ಲ ಓದ್ತಾಳಾ?”

ಡಾಕ್ಟರಮ್ಮನ ಮೈಯೆಲ್ಲ ಉರಿದುಹೋಯಿತು. ಆ ಮನೆಯ ಹೊಸ್ತಿಲು ತುಳಿಯದ ಮನುಷ್ಯ, ಆ ತಾಯಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ಕಾಣದ ಮನುಷ್ಯ, ಯಾರು ಏನು ಓದುತ್ತಾರೆಂದು ಹೇಳುತ್ತಾನೆ! “ಹಾಗಾದ್ರೆ ನನ್ನ ಹೆಸರು ತೆಗೀರಿ. ಈ ಪಾಪದಲ್ಲಿ ನಂಗೆ ಪಾಲು ಬೇಡ,” ಎಂದು ಅಲ್ಲೇ ಬರೆದುಕೊಟ್ಟು, ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಬಂದಳು. ಬರಬೇಕಿದ್ದ ಬಡ್ತಿ ಕೈತಪ್ಪಿತು. ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ಬೆನ್ನು ತಟ್ಟಿದರು, ಅದೂ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು.

ತಾನಿಲ್ಲದೆ ಪ್ರಬಂಧ ಮೂಲೆ ಸೇರುತ್ತದೆ ಎಂದುಕೊಂಡಿದ್ದಳು. ಸೇರಲಿಲ್ಲ. ಗೀಟುಗಳ ಸಮೇತ ಅಚ್ಚಾಯಿತು. ಮೊದಲ ಜಾಗದಲ್ಲಿ ಮುಖ್ಯಸ್ಥರ ಅಳಿಯ ಕೂತಿದ್ದ, ಕೊನೆಯಲ್ಲಿ ಮಾವ. ಆಸ್ಪತ್ರೆ ಅದನ್ನು ಹೆಮ್ಮೆಯಿಂದ ತನ್ನ ಜಾಲತಾಣದಲ್ಲೂ ಹಾಕಿತು. ತಾಯಿಯನ್ನು ಯಾವತ್ತು ಕರೆತರಬೇಕೆಂದು ನೋಡಲು ಹೋದ ಮಗಳ ಕಣ್ಣಿಗೆ ಬಿದ್ದದ್ದು ಅಲ್ಲೇ.

ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು, ಫೋನನ್ನು ಡಾಕ್ಟರಮ್ಮನ ಮುಂದೆ ಹಿಡಿದಳು.

“ಎರಡು ಚೌಕ ನಮ್ಮಣ್ಣಂದಿರು. ಪಕ್ಕದ ವೃತ್ತ ನಾನು. ಗೀಟು ಅಂದ್ರೇನು ಅಂತ ನೀವೇ ಕಲಿಸಿದ್ರಲ್ಲ ಅಕ್ಕಾ.”

ಡಾಕ್ಟರಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡಳು: ಜಗಳ, ಹೆಸರು ತೆಗೆಸಿದ್ದು, ಬಡ್ತಿ ಹೋದದ್ದು, ಆ ಮನುಷ್ಯನ ಮೇಲೆ ಇಂದಿಗೂ ಆರದ ಸಿಟ್ಟು. ಹುಡುಗಿ ಫೋನನ್ನು ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡಳು.

“ನಿಮ್ಮ ಹೆಸರು ತೆಗೆಸ್ಕೊಂಡ್ರಿ, ಸರಿ,” ಎಂದಳು. “ನಂಗೊಂದು ಮಾತು ಹೇಳ್ಬಾರ್ದಿತ್ತಾ? ರಿಸಲ್ಟ್ ಹೇಳಿ ಅಂತಿಲ್ಲ. ಹಿಂಗೆ ಅಚ್ಚು ಹಾಕ್ತಾರಂತೆ ಅಂದಿದ್ರೆ ಸಾಕಿತ್ತು. ನನ್ನ ವೃತ್ತ ಖಾಲಿ ಬಿಡ್ರಯ್ಯಾ ಅಂತ ನಾನೇ ಬಂದು ಜಗಳ ಆಡ್ತಿದ್ದೆ.”