ಬೇಲಿಯಾಚೆಯ ಜೋಳ

ಮಲ್ಲಪ್ಪ ಕಾಕಾನ ನೇಮಕದ ಹುಕುಂ ಕ್ಯುಪರ್ಟಿನೋದ ಅವರ ಮಗಳ ಮನೆಯಲ್ಲಿ, ಟಿವಿಯ ಮೇಲುಗಡೆ ಗೋಡೆಗೆ ತೂಗುತ್ತಿತ್ತು. 1938ರಲ್ಲಿ ಮುಂಬಯಿ ಪ್ರಾಂತದ ಸರಕಾರ ಅವರನ್ನು ಬಿಜಾಪುರ ಜಿಲ್ಲೆಗೆ ಸರ್ವೇಯರ್ ಎಂದು ನೇಮಿಸಿದ ಕಾಗದ. ಅದಕ್ಕೆ ಕಟ್ಟು ಹಾಕಿಸಿ, ಧೋತರದಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಮನೆಗೆ ಹೊಸಬರು ಬಂದರೆ ಕಾಫಿಗಿಂತ ಮೊದಲು ಅದರ ದರ್ಶನವಾಗಬೇಕು. ಬ್ರಿಟಿಷರ ಕಾಗದಕ್ಕೆ ಇಷ್ಟು ಮೆರವಣಿಗೆ ಯಾಕೆ ಎಂದು ಮೈಸೂರಿನವಳಾದ ನನಗೆ ಒಳಗೊಳಗೇ ಉರಿಯುತ್ತಿತ್ತು. ಆದರೆ ಪಕ್ಕದ ಮನೆಯವಳು ನಾನು, ಗುರುವಾರ ಗುರುವಾರ ಅವರು ಬೆಳೆದ ಪುಂಡಿಸೊಪ್ಪು ಬೇಕಿತ್ತು. ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಊಟಕ್ಕೆ ಕೂತರೆ ಅವರದು ಒಂದೇ ಕಥೆ. 1941ರಲ್ಲಿ ಇಂಡಿ ಕಡೆಯ ಒಂದು ಹಳ್ಳಿಗೆ, ಹೊಸ ರಸ್ತೆಗೆಂದು ಸರಕಾರ ಕಾದಿರಿಸಿದ್ದ ಜಾಗಕ್ಕೆ ಗೂಟ ಹೊಡೆಸಲು ಹೋಗಿದ್ದರು. ದಾನವ್ವ ಎಂಬ ವಿಧವೆಯ ಹೊಲ ಪೂರ್ತಿ ಅದರಲ್ಲಿ ಸಿಕ್ಕಿತ್ತು. ಜೋಳ ತೆನೆಬಿಟ್ಟು ನಿಂತಿತ್ತು. ಇಪ್ಪತ್ತು ದಿನ ತಡೆಯಿರಿ, ಕೊಯ್ದುಕೊಳ್ಳುತ್ತೇನೆ ಎಂದು ಆಕೆ ಅಳತೆಯ ಸರಪಳಿಗೆ ಅಡ್ಡ ಕೂತಳಂತೆ. ಕಾಕಾ ಆಕೆಯನ್ನು ಎಬ್ಬಿಸಿ, ಅವತ್ತೇ ಬೆಳೆ ಕಡಿಸಿ, ಗೂಟ ಹೊಡೆಸಿದರು. ದಿನ ಕೊಡುವ ಅಧಿಕಾರ ತಮಗಿರಲಿಲ್ಲ, ಹುಕುಂ ಅಂದರೆ ಹುಕುಂ ಎನ್ನುತ್ತಿದ್ದರು. ಯುದ್ಧದ ಗಡಿಬಿಡಿಯಲ್ಲಿ ಆ ರಸ್ತೆ ಆಗಲೇ ಇಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದರು. ಮಗಳು ಶೈಲಜಾ, ಅಳಿಯ ವೀರಣ್ಣ, ನಾನು, ಎಲ್ಲರೂ ರೊಟ್ಟಿ ಮುರಿಯುತ್ತ ತಲೆಯಾಡಿಸುತ್ತಿದ್ದೆವು. ಕೆಲಸದ ನಿಷ್ಠೆ ಅಂದರೆ ಹೀಗಿರಬೇಕು ಎಂದು ಒಂದು ಸಲ ನಾನೇ ಹೇಳಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೆಂಡತಿ ತೀರಿಕೊಂಡ ಮೇಲೆ, 1982ರಲ್ಲಿ, ಅವರು ಇಲ್ಲಿಗೆ ಬಂದದ್ದು. ಹಿಂದಿನ ಮಾಲೀಕ ಹಿತ್ತಲ ಬೇಲಿಯಲ್ಲಿ ಒಂದು ಬಾಗಿಲು ಬಿಟ್ಟುಹೋಗಿದ್ದ. ತೆರೆದರೆ ಆಚೆ ಅಗಲವಾದ ಬಯಲು, ಕಣ್ಣು ಹಾಯುವವರೆಗೂ ಖಾಲಿ. ಕಾಕಾ ಅಲ್ಲಿ ಗುದ್ದಲಿ ಹಾಕಿದರು. ಜಾಗ ಯಾರದೆಂದು ಅಳಿಯನನ್ನು ಕೇಳಲಿಲ್ಲ. ಮನೆ ಕೊಂಡವನಿಗೆ ಕಾಗದಪತ್ರ ಗೊತ್ತಿರುವುದಿಲ್ಲವೆ, ಕೇಳಿದರೆ ಅನುಮಾನಪಟ್ಟ ಹಾಗೆ. ವೀರಣ್ಣನೂ ಕೇಳಲಿಲ್ಲ. ಮೂವತ್ತೈದು ವರ್ಷ ಜಮೀನು ಅಳೆದ ಮಾವನಿಗೆ ಗಡಿ ಯಾವುದೆಂದು ಅಳಿಯ ಹೇಳಿಕೊಡುವುದೆ? ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಡುವುದರಲ್ಲೇ ನಾಲ್ಕು ವರ್ಷ ಕಳೆಯಿತು. ಮೆಂತ್ಯ, ಪುಂಡಿ, ಹೀರೇಕಾಯಿ ಬೆಳೆದವು. ಆ ವರ್ಷ ನಾಲ್ಕು ಸಾಲು ಜೋಳವನ್ನೂ ಹಾಕಿದ್ದರು. ಎಳೆಯ ತೆನೆ ಸುಟ್ಟು ನಿನಗೆ ಸೀತನಿ ತಿನ್ನಿಸುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದರು. ಬೆಳಗ್ಗೆ ಎದ್ದರೆ ಆ ಸಾಲುಗಳೇ ಅವರ ಲೋಕ.

1986ರ ಸೆಪ್ಟೆಂಬರಿನ ಒಂದು ಗುರುವಾರ ಸೊಪ್ಪಿಗೆ ಹೋಗಿದ್ದೆ. ಶೈಲಜಾ, ವೀರಣ್ಣ ಆಫೀಸಿನಲ್ಲಿದ್ದರು. ಕಿತ್ತಳೆ ಬಣ್ಣದ ಮೇಲಂಗಿ ಹಾಕಿಕೊಂಡ ಹುಡುಗಿಯೊಬ್ಬಳು ನಕ್ಷೆ ಹಿಡಿದು ನೇರ ಜೋಳದ ಸಾಲಿಗೇ ಬಂದಳು. ಸರಕಾರದ ಸರ್ವೇಯರ್ ಎಂದಳು. ಗಿಡಕ್ಕೆ ಪೆಟ್ಟಾಗದಂತೆ ಎರಡು ಬುಡಗಳ ನಡುವೆ ಕೆದಕಿದಳು. ಒಂದು ಗೇಣು ಕೆಳಗೆ ಕಾಂಕ್ರೀಟು, ಅದರಲ್ಲಿ ಹಿತ್ತಾಳೆಯ ಬಿಲ್ಲೆ. ಅದು ಸರಕಾರಿ ಜಾಗದ ಗಡಿಯ ಗುರುತು ಎಂದು ಕಾಕಾಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಇಂಗ್ಲಿಷಿನ ಉಚ್ಚಾರ ಅವರಿಗೆ ತಿಳಿಯದೆ ನನ್ನತ್ತ ನೋಡಿದರು. ಈ ಬಯಲನ್ನು ಇಪ್ಪತ್ತು ವರ್ಷದ ಹಿಂದೆಯೇ ಫ್ರೀವೇಗೆಂದು, ದೊಡ್ಡ ಹೆದ್ದಾರಿಗೆಂದು, ಕಾದಿರಿಸಿದ್ದಾರಂತೆ, ಈಗ ಕೆಲಸ ಶುರುವಾಗುತ್ತದಂತೆ ಎಂದೆ.

"ಅಂದ್ರ ನಾ ಸರಕಾರದ ಜಾಗಾ ಒತ್ತುವರಿ ಮಾಡೇನಿ," ಎಂದರು. ಬಾಗಿ ಒಂದು ಜೋಳದ ಗಿಡವನ್ನು ಬುಡಸಮೇತ ಕಿತ್ತರು. ಇನ್ನೊಂದಕ್ಕೆ ಕೈ ಹಾಕಿದರು.

ಹುಡುಗಿ ಓಡಿಬಂದು ಅವರ ಮಣಿಕಟ್ಟು ಹಿಡಿದಳು. ಕೀಳುವುದು ಬೇಡ, ಈ ತುದಿಗೆ ಯಂತ್ರಗಳು ಬರುವುದು ಅಕ್ಟೋಬರ್ ಕೊನೆಗೆ, ಅಷ್ಟರಲ್ಲಿ ಬೆಳೆ ತೆಗೆದುಕೊಳ್ಳಲಿ, ಇಲ್ಲಿನ ಗೂಟವನ್ನು ಆಮೇಲೆ ಹೊಡೆಯುತ್ತೇನೆ ಎಂದಳು. ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆದವಳಿಗೆ ದಾನವ್ವ ನೆನಪಾದಳು. ಹೇಳದೆ ಇರುವಂತಿರಲಿಲ್ಲ, ಹೇಳಿದೆ.

ಅವರು ಗಿಡ ಹಿಡಿದುಕೊಂಡೇ ಮಣ್ಣಿನಲ್ಲಿ ಕೂತರು. ಅಷ್ಟು ದಿನ ಕೊಡಲು ಇವಳಿಗೆ ಅಧಿಕಾರ ಕೊಟ್ಟವರು ಯಾರು, ಮೇಲಿನವರ ಹುಕುಂ ಇದೆಯೇ ಕೇಳು ಎಂದರು. ಕೇಳಿದೆ. ಹುಡುಗಿ ನಕ್ಕುಬಿಟ್ಟಳು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಂತೆ. ಇದಕ್ಕೆಲ್ಲ ಯಾರನ್ನು ಕೇಳಬೇಕು, ಬೇರೆ ತುದಿಯಿಂದ ಅಳೆಯುತ್ತ ಬಂದರಾಯಿತು ಎಂದು ಹೇಳಿ, ಬಿಲ್ಲೆಯ ಮೇಲೆ ಮಣ್ಣು ಮುಚ್ಚಿ ಹೊರಟುಹೋದಳು.

ಕಾಕಾ ಆ ಗಿಡದ ಬೇರಿನ ಮಣ್ಣು ಬಿಡಿಸಿದರು. ತೆನೆ ಹಾಲುಗಟ್ಟಿತ್ತು.

"ಆಕಿ ಯಾರ್ನೂ ಕೇಳಲಿಲ್ಲೇನು?" ಎಂದರು.

"ಇಲ್ಲ ಕಾಕಾ."

"ಹಂಗಾದ್ರ ನಾನೂ ದಾನವ್ವಗ ಹಂಗ ಅನ್ನಬಹುದಿತ್ತಲ್ಲ, ತಂಗಿ."